ಕ್ರೋಮಿಯಂ: 'ಅಪಕರ್ಷಣ'ವೋ, 'ಕಡಿತ'ವೋ, 'ಇಳಿಸು'ವುದೋ?

ಕಲಬುರಗಿ, ಯಾದಗಿರಿ ಕಡೆಯ ರೈತರಿಗಾಗಿ ಕ್ರೋಮಿಯಂ ವಿಷದ ಬಗ್ಗೆ ಕರಪತ್ರ ಬರೆಯುವಾಗ ಒಂದು ಪದ ಕೈಗೆ ಸಿಗುತ್ತಿಲ್ಲ.

ಆರು ವೇಲೆನ್ಸಿಯ (ಪರಮಾಣು ಆರು ಎಲೆಕ್ಟ್ರಾನ್ ಬಿಟ್ಟುಕೊಟ್ಟ ರೂಪದ) ಕ್ರೋಮಿಯಂ ನೀರಿನಲ್ಲಿ ಕರಗಿ ಹರಿದಾಡುವ ವಿಷ. ಮೂರಕ್ಕೆ ಬಂದರೆ ಗಸಿಯಾಗಿ ಕೂರುತ್ತದೆ, ವಿಷವೂ ಬಹಳ ಕಡಿಮೆ. ಇಂಗ್ಲಿಷಿನಲ್ಲಿ 'ರಿಡಕ್ಷನ್' ಎನ್ನುವ ಈ ಮಾರ್ಪಾಟಿಗೆ ಪಠ್ಯಪುಸ್ತಕದ ಪದ 'ಅಪಕರ್ಷಣ'. ಅದು ಪರೀಕ್ಷೆ ಬರೆದವರಿಗಷ್ಟೇ ಗೊತ್ತು. 'ಕಡಿತ' ಎಂದು ಬರೆದರೆ ಇನ್ನೂ ಕೆಡುಕು. 'ಕ್ರೋಮಿಯಂ ಕಡಿತವಾಯಿತು' ಎಂದು ಓದಿದವರು ಅದನ್ನು ತೆಗೆದುಹಾಕಿದರು ಅಂದುಕೊಳ್ಳುತ್ತಾರೆ. ಇದ್ದ ಒಂದು ಗ್ರಾಂ ಒಂದು ಗ್ರಾಂ ಆಗಿಯೇ ಅಲ್ಲಿ ಉಳಿದಿರುತ್ತದೆ.

ಹಾವು ಕಚ್ಚಿದಾಗ ನಾವು ಹೇಳುವ 'ವಿಷ ಏರಿತು, ವಿಷ ಇಳಿಯಿತು' ಇಲ್ಲಿ ಹೊಂದುತ್ತದೆ ಅನ್ನಿಸುತ್ತದೆ. ಆರರಿಂದ ಮೂರಕ್ಕೆ ಅಂಕಿಯೂ ಇಳಿಯುತ್ತದೆ. ಬಳಸಿ ನೋಡೋಣ: 1,000 ಲೀಟರ್ ಕಲುಷಿತ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಆರರ ಕ್ರೋಮಿಯಂ ಇದ್ದರೆ ಒಟ್ಟು 2 ಗ್ರಾಂ. ಒಂದು ಗ್ರಾಂ ಇಳಿಸಲು ಲೆಕ್ಕಕ್ಕೆ 16 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಬೇಕು, ಅಂದರೆ ಎರಡಕ್ಕೆ 32 ಗ್ರಾಂ. ನೀರಿನಲ್ಲಿ ಕರಗಿದ ಆಮ್ಲಜನಕ ಒಂದಷ್ಟನ್ನು ತಿನ್ನುವುದರಿಂದ ಇನ್ನೂ ಸ್ವಲ್ಪ ಹೆಚ್ಚು ಹಾಕಬೇಕು. ಹಸಿರು ಹೋಗಿ ಕಂದು ತಿರುಗಿದ ಅನ್ನಭೇದಿ ಪ್ರಯೋಜನಕ್ಕೆ ಬಾರದು. ಪಿಎಚ್ 7ರ ಸುತ್ತ ಇರುವಾಗ ಕಲಕಿ, ವಿಷ ಇಳಿದ ಮೇಲೆ ಸುಣ್ಣದಿಂದ 8–8.5ಕ್ಕೆ ತಂದು ಗಸಿ ಕೂರಿಸಬೇಕು. ಮೊದಲೇ ಸುಣ್ಣ ಸುರಿದರೆ ಅನ್ನಭೇದಿ ಗಾಳಿಗೇ ಖರ್ಚಾಗುತ್ತದೆ. ಕೊನೆಗೆ ಗಸಿಯನ್ನು ಬೇರ್ಪಡಿಸಲೇಬೇಕು. ಅದು ಹೊಲಕ್ಕೆ ಹಾಕುವ ಗೊಬ್ಬರವಲ್ಲ.

ಇಳಿದದ್ದು ಮತ್ತೆ ಏರಬಲ್ಲದು. ಸೋಸದ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದರೆ ಅದರ ಕ್ಲೋರಿನ್ ಮೂರರ ಕ್ರೋಮಿಯಂ ಅನ್ನು ಆರಕ್ಕೆ ಏರಿಸಬಹುದು. ಮಣ್ಣಿನ ಮ್ಯಾಂಗನೀಸ್ ಆಕ್ಸೈಡ್ ಕೂಡ ನಿಧಾನವಾಗಿ ಅದನ್ನೇ ಮಾಡುತ್ತದೆ. 'ಕಡಿತ' ಎಂದರೆ ಈ ಅಪಾಯ ಹೊಳೆಯುವುದೇ ಇಲ್ಲ.

ಒಂದು ತೊಡಕಿದೆ. ನಮ್ಮಲ್ಲಿ ನೀರೂ ನೆಲಕ್ಕೆ 'ಇಳಿಯುತ್ತದೆ'. ಬೇಸಿಗೆಯಲ್ಲಿ ಎರಿ (ಕಪ್ಪು ಮಣ್ಣಿನ) ಹೊಲ ಕೈ ತೂರುವಷ್ಟು ಬಿರಿದಿರುತ್ತದೆ, ಮೊದಲ ಮಳೆ ಆ ಬಿರುಕಿನಲ್ಲೇ ಆಳಕ್ಕೆ ಹೋಗುತ್ತದೆ. ಆರರ ಕ್ರೋಮಿಯಂ ನೀರಿನಲ್ಲಿ ಋಣ ಅಯಾನು, ಅಂದರೆ ಋಣ ವಿದ್ಯುತ್ ಇರುವ ಕಣ. ಎರಿಯ ಜೇಡಿಯೂ ಋಣವೇ ಆದ್ದರಿಂದ ಹಿಡಿದಿಡದು, ನೀರಿನ ಜೊತೆಗೇ ಸಾಗುತ್ತದೆ. 'ಕ್ರೋಮಿಯಂ ಇಳಿಯಿತು' ಎಂದರೆ ಬೋರಿಗೆ ಇಳಿಯಿತು ಎಂದೂ ಕೇಳಿಸೀತು. ನೆಲದಾಳಕ್ಕೆ ಹೋಗುವುದಕ್ಕೆ 'ಬಸಿದು ಹೋಗು' ಎಂಬುದನ್ನು ಮೀಸಲಿಟ್ಟು, ಮಾರ್ಪಾಟಿಗೆ ಯಾವಾಗಲೂ 'ವಿಷ ಇಳಿಸು' ಎಂದು ಜೋಡಿಯಾಗಿಯೇ ಬರೆದರೆ ಗೊಂದಲವಿರದು.

ಕೆಟ್ಟ ಮಣ್ಣನ್ನು ಸರಿಪಡಿಸುವುದಕ್ಕೆ ಬಳಸುವ 'ಮಣ್ಣಿನ ಪರಿಹಾರ' ಎಂಬುದನ್ನಂತೂ ಕೈಬಿಡಬೇಕು. 'ಪರಿಹಾರ' ಅಂದೊಡನೆ ತೊಗರಿ ಬೆಳೆದವರು ಕೇಳುವುದು 'ಎಕರೆಗೆ ಎಷ್ಟು?' ಎಂದು. ಆರರ ಕ್ರೋಮಿಯಂ ಹೆಚ್ಚಿದ್ದರೆ ನೀರು ಹಳದಿಯಾಗುತ್ತದೆ, ಆದರೆ 'ಹಳದಿ ನೀರು' ಎಂದು ಎಚ್ಚರಿಸುವುದೂ ಸಾಲದು: ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500ರ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಆ ಮಟ್ಟದಲ್ಲಿ ಬಣ್ಣ ಕಾಣದು, ಕುದಿಸಿದರೂ ಹೋಗದು.

ಬೀದರಿನ ಜಂಬಿಟ್ಟಿಗೆ ನೆಲದವರು 'ವಿಷ ಇಳಿಸು' ಎಂಬುದನ್ನು ಇದೇ ಅರ್ಥದಲ್ಲಿ ಹಿಡಿಯುತ್ತಾರೆಯೇ? ಗಸಿಗೆ ಅಲ್ಲಿ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.