ಸಹಾಯ ಬೇಕು: ಸೆಂಟ್ರಿಂಗ್ ಶೀಟು, ಜಾಕ್ ಬಾಡಿಗೆಯ ಲೆಕ್ಕಕ್ಕೆ ಟೇಬಲ್ ಹೇಗಿರಬೇಕು?

ಎಲ್ಲರಿಗೂ ನಮಸ್ಕಾರ್ರಿ. ಗಂಗಾವತಿಯಲ್ಲಿ ಕಟ್ಟಡ ಕೆಲಸದ ಸಾಮಾನು ಬಾಡಿಗೆ ಕೊಡೋ ಅಂಗಡಿಯೊಂದಕ್ಕೆ ಪೋಸ್ಟ್‌ಗ್ರೆಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಡೇಟಾಬೇಸ್ ಮಾಡ್ತಿದೀನಿ. ಮಿಕ್ಸರ್, ವೈಬ್ರೇಟರ್‌ ವಿಷಯ ಬಗೆಹರಿದಿದೆ. ಪ್ರತಿ ಯಂತ್ರಕ್ಕೂ ಒಂದು ಸಾಲು; ಬುಕಿಂಗ್ ಟೇಬಲ್‌ನಲ್ಲಿ ಯಂತ್ರದ ಐಡಿ ಮತ್ತು ಅವಧಿ ಎರಡರ ಮೇಲೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್, ಅಂದ್ರೆ ಒಂದೇ ಯಂತ್ರದ ಎರಡು ಅವಧಿ ಒಂದರ ಮೇಲೊಂದು ಬೀಳದಂತೆ ಡೇಟಾಬೇಸೇ ತಡೆಯೋ ನಿಯಮ. ಹಂಗಾಗಿ ಒಂದೇ ಮಿಕ್ಸರ್ ಒಂದೇ ಹೊತ್ತಿಗೆ ಇಬ್ಬರಿಗೆ ಬುಕ್ ಆಗಲ್ಲ. (ಇದಕ್ಕೆ ಬಿಟ್ರೀ-ಜಿಸ್ಟ್ ಎಕ್ಸ್‌ಟೆನ್ಷನ್ ಮೊದಲೇ ಹಾಕ್ಕೋಬೇಕು.)

ಕಷ್ಟ ಇರೋದು ಶೀಟು, ಜಾಕ್‌ಗಳದ್ದು (ಸ್ಲ್ಯಾಬ್ ಹಾಕುವಾಗ ಕೆಳಗೆ ಕೊಡೋ ತಗಡು, ಅದಕ್ಕೆ ಆಸರೆಯ ಕಂಬ). ಅವಕ್ಕೆ ಬಿಡಿ ನಂಬರ್ ಇಲ್ಲ, ಎಣಿಕೆ ಮಾತ್ರ. ಮೇಸ್ತ್ರಿ 120 ಶೀಟು ಒಯ್ದು, ಸ್ಲ್ಯಾಬ್ ಬಿಚ್ಚಿದ ಮೇಲೆ 70 ತರ್ತಾರೆ, ನಾಲ್ಕು ದಿನ ಬಿಟ್ಟು 46, ಉಳಿದ 4 ಕಳೆದಿರ್ತವೆ. ಬಾಡಿಗೆ ಸಾಲಿನಲ್ಲೇ 'ವಾಪಸ್ ದಿನಾಂಕ' ಅಂತ ಒಂದೇ ಕಾಲಂ ಇಟ್ಟರೆ ಈ ಲೆಕ್ಕ ಕೂರಲ್ಲ. ಅದಕ್ಕೇ ವಾಪಸಾತಿಗೆ ಬೇರೆ ಟೇಬಲ್ ಮಾಡಿದೀನಿ: ಬಾಡಿಗೆ ಸಾಲಿನ ಐಡಿ, ದಿನಾಂಕ, ಎಣಿಕೆ, ಸ್ಥಿತಿ (ಸರಿ, ಡೊಂಕು, ಕಳೆದದ್ದು). ದಿನದ ದರವನ್ನು ಬಾಡಿಗೆ ಸಾಲಿಗೇ ನಕಲು ಮಾಡ್ತೀನಿ; ಇಲ್ಲಾಂದ್ರೆ ದರ ಏರಿಸಿದ ದಿನ ಹಳೇ ಬಿಲ್ಲೂ ಬದಲಾಗ್ತವೆ.

ಈಗ ಪ್ರಶ್ನೆ. ಎರಡು ಕೌಂಟರ್‌ನಲ್ಲಿ ಒಟ್ಟಿಗೆ ಬುಕಿಂಗ್ ಆದಾಗ, ಉಳಿದ 50 ಶೀಟು ಇಬ್ಬರಿಗೂ ಕಾಣಿಸಿ, ಇಬ್ಬರಿಗೂ ಬರೆದುಕೊಡೋ ಅಪಾಯ ಇದೆ. ಎಣಿಕೆಗೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ನಡೆಯಲ್ಲ. ಸಾಮಾನಿನ ಸಾಲನ್ನು 'ಸೆಲೆಕ್ಟ್ ಫಾರ್ ಅಪ್‌ಡೇಟ್'ನಿಂದ ಲಾಕ್ ಮಾಡಿ (ಒಬ್ಬರು ಮುಗಿಸೋವರೆಗೂ ಇನ್ನೊಬ್ಬರು ಕಾಯೋ ಹಾಗೆ) ಎಣಿಸೋದೋ, ಸೀರಿಯಲೈಸಬಲ್ (ಒಂದಾದ ಮೇಲೊಂದು ನಡೆದಂತೆಯೇ ಫಲಿತಾಂಶ ಬರೋ ಕಟ್ಟುನಿಟ್ಟಿನ ಮಟ್ಟ) ಇಟ್ಟು, ಫೇಲ್ ಆದ್ರೆ ಮತ್ತೆ ಓಡಿಸೋದೋ? ನನಗೆ ಮೊದಲನೆಯದೇ ಸರಳ ಅನಿಸ್ತದೆ. ಆದ್ರೆ ಒಂದೇ ಬಿಲ್‌ನಲ್ಲಿ ಶೀಟು, ಜಾಕ್ ಎರಡೂ ಇದ್ದಾಗ ಡೆಡ್‌ಲಾಕ್ (ಇಬ್ಬರೂ ಒಬ್ಬರ ಲಾಕ್‌ಗೆ ಇನ್ನೊಬ್ಬರು ಕಾದು ನಿಂತುಬಿಡೋದು) ಆಗದಂತೆ ಐಡಿ ಕ್ರಮದಲ್ಲಿ ಲಾಕ್ ಮಾಡಿದ್ರೆ ಸಾಕಾ? ಇಂಥದ್ದು ಮಾಡಿದವರು ದಯವಿಟ್ಟು ತಿಳಿಸ್ರಿ.