ಪದಚರ್ಚೆ: ‘ಫ್ಲೈ’ ಕಟ್ಟಿದ ಗಾಳಕ್ಕೆ ಏನೆನ್ನುತ್ತೀರಿ?

ಗೆಳೆಯರೇ, ನಮಸ್ಕಾರ.

ಒಂದು ಪದ ಬೇಕಾಗಿದೆ. ಎರಡು ವಾರದಿಂದ ತಲೆ ತಿನ್ನುತ್ತಿದೆ.

ನಾನು ಬಾಗಲಕೋಟೆಯವನು. ಸಮುದ್ರ ಕಂಡರೆ ಈಗಲೂ ಮಕ್ಕಳ ಹಾಗೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತೇನೆ. ಡಿಸೆಂಬರಿನಲ್ಲಿ ಅಮೆರಿಕದಿಂದ ಹಳೇ ಗೆಳೆಯನೊಬ್ಬ ಬಂದಿದ್ದ. ಅವನಿಗೆ ಫ್ಲೈ ಫಿಶಿಂಗ್ ಹುಚ್ಚು, ಅದರಲ್ಲೂ ಉಪ್ಪುನೀರಿನದು. ಗರಿ, ಕೂದಲು, ದಾರ ಕಟ್ಟಿ ಹುಳದ ಹಾಗೋ ಸಣ್ಣ ಮೀನಿನ ಹಾಗೋ ಕಾಣುವಂತೆ ಮಾಡಿದ ಗಾಳಕ್ಕೆ ಫ್ಲೈ ಎನ್ನುತ್ತಾರೆ, ಅದರಿಂದ ಮೀನು ಹಿಡಿಯುವುದು ಫ್ಲೈ ಫಿಶಿಂಗ್. “ಕಾರವಾರಕ್ಕ ಹೋಗಿ ಬರೋಣ ನಡಿ, ನೀ ಸುಮ್ನ ದೋಣ್ಯಾಗ ಕುಂಡ್ರು” ಎಂದ. ಹೋದೆವು. ಕಾಳಿ ನದಿ ಸಮುದ್ರ ಸೇರುವಲ್ಲಿ, ಸದಾಶಿವಗಡದ ಗುಡ್ಡದ ಹತ್ತಿರ ಒಂದು ದೋಣಿ ಬಾಡಿಗೆಗೆ ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ನೀರಿನ ಮೇಲೇ ಇದ್ದೆವು. ಊರಿಗೆ ಬಂದು ಅದರ ಬಗ್ಗೆ ನಾಲ್ಕು ಪುಟ ಬರೆಯೋಣ ಎಂದು ಕೂತರೆ ಎರಡನೇ ಸಾಲಿಗೇ ಬಂಡಿ ನಿಂತಿತು. ಫ್ಲೈಗೆ ಏನೆನ್ನಲಿ?

‘ನೊಣದ ಮೀನುಗಾರಿಕೆ’ ಎಂದು ಬರೆದು ನೋಡಿದೆ. ನನಗೇ ನಗು ಬಂತು. ನಮ್ಮಲ್ಲಿ ನೊಣ ಹೊಡೆಯುವುದು ಎಂದರೆ ಗಿರಾಕಿ ಇಲ್ಲದ ಅಂಗಡಿಯಲ್ಲಿ ಕೂರುವುದು. (ಬೆಳಿಗ್ಗೆ ಹನ್ನೊಂದರವರೆಗೆ ನಾವು ಮಾಡಿದ್ದೂ ಅದನ್ನೇ, ಆ ಮಾತು ಬೇರೆ.)

ಇಂಗ್ಲಿಷಿನವರು ನೊಣ ಎಂದದ್ದಕ್ಕೆ ಕಾರಣ ಇದೆ. ಸುಮಾರು 1800 ವರ್ಷದ ಹಿಂದೆ ಈಲಿಯನ್ ಎಂಬ ರೋಮನ್ ಬರಹಗಾರ ಮ್ಯಾಸಿಡೋನಿಯದ ನದಿಯೊಂದರ ಮೀನುಗಾರರ ಬಗ್ಗೆ ಬರೆದಿದ್ದಾನೆ. ಅವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಎರಡು ಗರಿ ಕಟ್ಟಿ, ನೀರಿನ ಮೇಲೆ ಹಾರುವ ಹುಳದ ಹಾಗೆ ಮಾಡುತ್ತಿದ್ದರು. ನದಿಯ ಮೀನು ಹುಳ ತಿನ್ನುತ್ತದೆ, ಸರಿ. ಸಮುದ್ರದ ಮೀನಿಗೆ ನೊಣ ಎಲ್ಲಿಂದ ಸಿಗಬೇಕು? ಅದು ತಿನ್ನುವುದು ಸಣ್ಣ ಮೀನು, ಸೀಗಡಿ, ಏಡಿ. ಹಾಗಾಗಿ ಉಪ್ಪುನೀರಿಗೆ ಕಟ್ಟುವುದೂ ಅವುಗಳ ಆಕಾರವನ್ನೇ. ಗೆಳೆಯನ ಡಬ್ಬಿಯಲ್ಲಿ ಕ್ಲೌಸರ್ ಮಿನ್ನೋ ಎಂಬುದು ಜಾಸ್ತಿ ಇತ್ತು. ಜಿಂಕೆಯ ಬಾಲದ ಕೂದಲು, ಮಿಂಚುವ ಎಳೆ, ಜೊತೆಗೆ ಲೋಹದ ಎರಡು ಗುಂಡು ಕಣ್ಣು. ಆ ಕಣ್ಣಿನ ಭಾರಕ್ಕೆ ಅದು ತಲೆಕೆಳಗಾಗಿ, ಕೊಕ್ಕೆ ಮೇಲೆ ಮಾಡಿಕೊಂಡು ಈಜುತ್ತದೆ. ಅದರಲ್ಲಿ ಹುಳವೂ ಇಲ್ಲ, ರೆಕ್ಕೆಯೂ ಇಲ್ಲ. ಆದರೂ ಹೆಸರು ಮಾತ್ರ ಫ್ಲೈ.

ಹಾಗಾದರೆ ‘ಎರೆ’ ಎನ್ನೋಣವೇ? ಇಲ್ಲಿ ನಮ್ಮ ಕಡೆಯ ತೊಡಕು ಶುರುವಾಗುತ್ತದೆ. ಬಾಗಲಕೋಟೆ, ವಿಜಯಪುರದಲ್ಲಿ ಎರೆ ಎಂದರೆ ಮೊದಲು ನೆನಪಾಗುವುದು ಹೊಲ. ಎರಿ ಹೊಲ ಅಂದರೆ ಕಪ್ಪು ಮಣ್ಣಿನ ಹೊಲ, ಜೋಳ, ಕಡಲೆ. ಗಾಳದ ಎರೆ ಆಮೇಲೆ. ಎರೆಹುಳ ಎಂದರೆ ಎರೆ ಮಣ್ಣಿನ ಹುಳ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲೂ ಅದು ಸಿಗುತ್ತದಲ್ಲ ಎಂದು ಯಾವತ್ತೂ ಹೊಳೆಯಲಿಲ್ಲ. ತಮಿಳಿನ ಇರೈ, ಮಲಯಾಳದ ಇರ ಎರಡಕ್ಕೂ ಪ್ರಾಣಿಯ ತಿನಿಸು, ಬೇಟೆ ಎಂಬ ಅರ್ಥ ಇದೆ. ನಮ್ಮ ಗಾಳದ ಎರೆಯೂ ಅದೇ ಬಳಗದ್ದು, ಮಣ್ಣಿನ ಎರೆ ಬೇರೆ. ಹಾಗಾದರೆ ಎರೆಹುಳ ಎಂದರೆ ತಿನಿಸಾಗುವ ಹುಳ ಎಂದು ನನಗೀಗ ಅನಿಸುತ್ತದೆ. ಬಲ್ಲವರು ತಿದ್ದಲಿ. ಏನೇ ಇರಲಿ, ಎರೆ ಎಂದರೆ ಮೀನು ತಿನ್ನುವ ವಸ್ತು. ಫ್ಲೈಯಲ್ಲಿ ತಿನ್ನುವುದಕ್ಕೆ ಏನೂ ಇಲ್ಲ. ಅದು ಬರೀ ವೇಷ.

ದೋಣಿಯಲ್ಲಿದ್ದಾಗ ನನಗೊಂದು ಪದ ಹೊಳೆದಿತ್ತು: ಗರಿಗಾಳ. ಕೇಳಲು ಚೆನ್ನಾಗಿದೆ, ಅಲ್ವಾ? ಜಂಬದಿಂದ ದೋಣಿಯವರಿಗೆ ಹೇಳಿದೆ. ಅವರ ಮನೆಮಾತು ಕೊಂಕಣಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗರಿ ಅಂದ್ರೆ ಗಾಳನೇ ಅಲ್ವಾ ಸರ್?” ಎಂದರು. ಅವರ ಮಾತಿನಲ್ಲಿ ಕೊಕ್ಕೆಗೇ ಗರಿ ಎನ್ನುತ್ತಾರೆ. ನನ್ನ ಪದ ಅವರ ಕಿವಿಗೆ ‘ಗಾಳಗಾಳ’ ಎಂದು ಬಿದ್ದಿತ್ತು. ಗೆಳೆಯ ಇನ್ನೊಂದು ಕಲ್ಲು ಹಾಕಿದ: “ನನ್ನ ಡಬ್ಬ್ಯಾಗ ಅರ್ಧಕ್ಕ ಗರೀನ ಇಲ್ಲಲೇ.” ಅಲ್ಲಿಗೆ ಗರಿಗಾಳ ಮುಳುಗಿತು.

ಅದೇ ಹೊತ್ತಿಗೆ ಅವನ ಗಾಳಕ್ಕೆ ಒಂದು ಮೀನು ಬಿತ್ತು. ದೋಣಿಯವರು ಚೋಣಾಕ್ ಎಂದರು. ಮೊಳದುದ್ದ ಇತ್ತು. ಗೆಳೆಯ ಇಕ್ಕಳದಿಂದ ಕೊಕ್ಕೆ ಬಿಡಿಸಿ ಅದನ್ನು ವಾಪಸ್ ನೀರಿಗೆ ಬಿಟ್ಟ. ದೋಣಿಯವರ ಮುಖ ನೋಡಬೇಕಿತ್ತು! ಆಮೇಲೆ ಊಟಕ್ಕೆ ದುಡ್ಡು ಕೊಟ್ಟು ತಿಂದದ್ದು ಇಸ್ವಣ. ಬೆಳಗಾವಿಯಲ್ಲಿ ಅದೇ ಸುರಮಯಿ, ಮಂಗಳೂರಿನಲ್ಲಿ ಅಂಜಲ್. ಒಂದು ಮೀನಿಗೆ ಇಷ್ಟು ಹೆಸರಿವೆ. ನನಗೆ ಬೇಕಾದ ಸಾಮಾನಿಗೆ ಒಂದೂ ಇಲ್ಲ.

ಊರಿಗೆ ಬಂದ ಮೇಲೆ ಹಿನ್ನೀರಿನಲ್ಲಿ ಮೀನು ಹಿಡಿಯುವ ಕಾಕಾ ಒಬ್ಬರಿಗೆ ಒಂದು ಫ್ಲೈ ತೋರಿಸಿದೆ. ಆಲಮಟ್ಟಿ ಹಿನ್ನೀರು ನಮ್ಮ ಹಳೇ ಊರಿನ ಓಣಿಗಳ ತನಕ ಬಂದಿದೆಯಲ್ಲ, ಆ ಮುಳುಗಡೆ ನೀರೇ ಅವರ ಹೊಲ. ಅಂಗೈಯಲ್ಲಿ ಹಿಡಿದು ತಿರುವಿ ನೋಡಿದರು.

“ಎರಿ ಎಲ್ಲೈತಿ ತಮ್ಮಾ?”

“ಎರಿ ಇಲ್ಲ ಕಾಕಾ. ಇದನ್ನ ನೋಡಿ ಸಣ್ಣ ಮೀನ ಅಂತ ತಿಳ್ಕೊಂಡು ದೊಡ್ಡ ಮೀನು ಬಾಯಿ ಹಾಕತೈತಿ.”

“ಹಂಗಾರ ಸೋಗ ಹಾಕ್ಕೊಂಡೈತಿ ಅನ್ನು. ಶ್ರೀಕೃಷ್ಣ ಪಾರಿಜಾತದ ಆಟದಾಗ ಗಂಡಸು ಸೀರಿ ಉಟ್ಟು ಸತ್ಯಭಾಮಾ ಆದಂಗ.”

ಸೋಗುಗಾಳ! ನನ್ನ ಮಟ್ಟಿಗೆ ಹುಡುಕಾಟ ಅಲ್ಲಿಗೇ ಮುಗಿಯಬೇಕಿತ್ತು. ಹುಳವೋ, ಮೀನೋ, ಏಡಿಯೋ, ಗರಿಯೋ, ಕೂದಲೋ, ಎಲ್ಲಕ್ಕೂ ಹೊಂದುತ್ತದೆ. ಫೋನಿನಲ್ಲಿ ಗೆಳೆಯನಿಗೆ ಹೇಳಿದರೆ, ಇಂಗ್ಲಿಷಿನಲ್ಲೂ ಫ್ಲೈ ಕಟ್ಟುವುದಕ್ಕೆ ‘ಡ್ರೆಸ್’ ಮಾಡುವುದು ಎನ್ನುತ್ತಾರೆ ಎಂದ. ಆದರೆ ಒಂದು ಅಳುಕು. ನಮ್ಮ ಕಡೆ ಸೋಗು ಎಂದರೆ ಆಟದ ವೇಷ, ಅದರಲ್ಲಿ ಕೆಟ್ಟದ್ದೇನಿಲ್ಲ. ಮೈಸೂರು, ಬೆಂಗಳೂರಿನ ಕಿವಿಗೆ ಮೊದಲು ‘ಸೋಗಲಾಡಿ’ ನೆನಪಾದರೆ? ಆ ಕಡೆಯವರು ದಯವಿಟ್ಟು ಹೇಳಿ.

ಎರಡನೆಯದು ಕ್ರಿಯಾಪದ. ಗಾಳ ‘ಹಾಕು’ ಎಲ್ಲರಿಗೂ ಗೊತ್ತು. ನಮ್ಮಲ್ಲಿ ‘ಒಗೆ’ ಎಂದರೂ ಎಸೆಯುವುದೇ. ಬೆಂಗಳೂರಿನವರು ಬಟ್ಟೆ ಎಂದುಕೊಳ್ಳುತ್ತಾರೆ. ನನ್ನ ಕೈ ನೋಡಿದ್ದರೆ ಅವರ ತಪ್ಪೇನಿಲ್ಲ. ಆದರೆ ಫ್ಲೈಯನ್ನು ಒಗೆಯಲು ಆಗುವುದಿಲ್ಲ. ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ತೂಕ ಮುಂದೆ ಹೋಗುತ್ತದೆ, ದಾರ ಅದರ ಹಿಂದೆ. ಇಲ್ಲಿ ತೂಕ ಇರುವುದು ದಾರಕ್ಕೇ. ಒಂಬತ್ತು ಅಡಿ ಕೋಲಿನಿಂದ ಆ ದಪ್ಪ ದಾರವನ್ನು ಹಿಂದಕ್ಕೆ ಬೀಸಬೇಕು. ಅದು ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವ ತನಕ ಕಾಯಬೇಕು. ಆಮೇಲೆ ಮುಂದಕ್ಕೆ. ಅವಸರ ಮಾಡಿದರೆ ಬಾರುಕೋಲಿನ ಹಾಗೆ ‘ಚಟ್’ ಎನ್ನುತ್ತದೆ. ಆ ಸದ್ದು ಬಂತೆಂದರೆ ತುದಿಯ ಗಾಳ ಕಿತ್ತು ಹೋಯಿತು ಎಂದೇ ಅರ್ಥ. ನಾನು ಎರಡು ಕಳೆದೆ. ಮೂರನೆಯದು ನನ್ನ ಟೋಪಿಗೇ ಸಿಕ್ಕಿತು. ಗೆಳೆಯ ಮೊದಲೇ ಕೊಕ್ಕೆಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಅದುಮಿ ಇಟ್ಟದ್ದರಿಂದ ಟೋಪಿ ಉಳಿಯಿತು, ಕಿವಿಯೂ ಉಳಿಯಿತು.

ಹಾಗಾಗಿ ‘ಬೀಸು’ ಎಂದೇ ಬರೆದಿದ್ದೇನೆ. ಬೀಸುಬಲೆ ಹೇಗೂ ಇದೆ, ಕವಣೆಯನ್ನೂ ಬೀಸುತ್ತೇವೆ. ಇದರ ಬಗ್ಗೆ ನನಗೆ ಜಾಸ್ತಿ ಅನುಮಾನ ಇಲ್ಲ.

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಎರೆ ಇಲ್ಲದೆ, ಬಣ್ಣದ ದಾರವನ್ನೋ ಗರಿಯನ್ನೋ ಗಾಳಕ್ಕೆ ಕಟ್ಟಿ ದೋಣಿಯ ಹಿಂದೆ ಎಳೆದುಕೊಂಡು ಹೋಗುವ ರೂಢಿ ನಿಮ್ಮಲ್ಲಿ ಇದ್ದರೆ ಅದಕ್ಕೆ ಏನೆನ್ನುತ್ತೀರಿ? ಕನ್ನಡ, ತುಳು, ಕೊಂಕಣಿ ಯಾವುದಾದರೂ ಸರಿ. ಬಾಯಲ್ಲಿ ಆಡುವ ಪದವೇ ಸಿಕ್ಕರೆ ನಾನು ಸೋಗುಗಾಳವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ. ಕಾಕಾನಿಗೆ ನಾನೇ ಸಮಾಧಾನ ಹೇಳುತ್ತೇನೆ.