ಎರಡನೇ ಮುಖ್ಯರಸ್ತೆಗೆ ಗಂಟೆಗೆ 30 ಕಿ.ಮೀ. ವೇಗಮಿತಿ ಬೇಕು: ಸಹಿ ಹಾಕುವ ಮುಂಚೆ ಎಲ್ಲರೂ ಓದಿ

ಕಾರ್ಯದರ್ಶಿ, ನಿವಾಸಿಗಳ ಸಂಘ
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ನಮ್ಮ ಎರಡನೇ ಮುಖ್ಯರಸ್ತೆಯಲ್ಲಿ ಹೂವು ಮಾರುವ ಅಜ್ಜಿಗೆ ಬೈಕ್ ಗುದ್ದಿ ಮುಂಗೈ ಮೂಳೆ ಮುರಿದಿದೆ. ಗುದ್ದಿದವನು ನಿಲ್ಲಿಸಲೇ ಇಲ್ಲ. ರಿಂಗ್ ರಸ್ತೆಯ ಸಿಗ್ನಲ್ ತಪ್ಪಿಸಿಕೊಂಡು ಪೇಟೆ ಕಡೆ ಹೋಗೋ ಗಾಡಿಗಳೆಲ್ಲ ಈಗ ನಮ್ಮ ರಸ್ತೆಗೇ ನುಗ್ಗುತ್ತಿವೆ. ಹೊಸದಾಗಿ ಡಾಂಬರು ಹಾಕಿದಾಗ ಇದ್ದ ಹಂಪ್‌ಗಳೂ ಹೋದವು. ಏನು ಮಾಡೋಣ ಅಂತ ಇಲ್ಲೇ ಮಾತಾಡಿ ಒಂದು ತೀರ್ಮಾನಕ್ಕೆ ಬರೋಣ. ಎರಡು ದಿನ ಬೇರೆ ಯಾವ ಫಾರ್ವರ್ಡೂ ಹಾಕಬೇಡಿ, ದಯವಿಟ್ಟು.

ಮೂಲೆ ಮನೆ, 7ನೇ ಅಡ್ಡರಸ್ತೆ
ಅದು ನಮ್ಮ ಗೇಟಿನ ಎದುರಿಗೇ ಆಗಿದ್ದು ಸರ್. ಒಂದು ಕಡೆ ಕಾಂಪೌಂಡು, ಇನ್ನೊಂದು ಕಡೆ ಹೊಂಗೆ ಮರ, ಅದರ ಕೆಳಗೆ ಸಾಲಾಗಿ ನಿಂತ ಕಾರು. ಮುಂದಿನ ಚಕ್ರ ರಸ್ತೆಗೆ ಇಳಿಯೋವರೆಗೂ ಬಲಗಡೆಯಿಂದ ಏನು ಬರ್ತಿದೆ ಅಂತ ಕಾಣಿಸಲ್ಲ. ಅಜ್ಜಿ ಬುಟ್ಟಿ ಇಳಿಸಿ ಒಂದು ಹೆಜ್ಜೆ ಇಟ್ಟಿದ್ದಷ್ಟೇ. ಸೇವಂತಿಗೆ ರಸ್ತೆ ತುಂಬ ಚೆಲ್ಲಿತ್ತು, ಅದರ ಮೇಲೇ ಗಾಡಿಗಳು ಹೋಗ್ತಾ ಇದ್ದವು. ಅರ್ಜಿ ಗಿರ್ಜಿ ಅಂತ ಕಾಯೋದು ಬೇಡ. ಜಲ್ಲಿ, ಸಿಮೆಂಟು ನಾನು ತರಿಸ್ತೀನಿ, ಭಾನುವಾರ ನಾವೇ ನಿಂತು ಹಂಪ್ ಹಾಕಿಬಿಡೋಣ.

ನಿವೃತ್ತ ಎಂಜಿನಿಯರ್, 3ನೇ ಅಡ್ಡರಸ್ತೆ
ನಿಮ್ಮ ಸಂಕಟ ಅರ್ಥವಾಗುತ್ತೆ, ಆದರೆ ಅದೊಂದು ಮಾತ್ರ ಬೇಡಿ. ಕೈಯಲ್ಲಿ ಕಟ್ಟಿದ ಹಂಪ್ ಯಾವಾಗಲೂ ಕಿರಿದು, ಕಡಿದು. ರಾತ್ರಿ ಹೊತ್ತು ಗೊತ್ತಿಲ್ಲದೆ ಬಂದ ಸ್ಕೂಟರಿನವರು ಹಾರಿ ಬೀಳ್ತಾರೆ. ಹಿಂದೆ ಕೂತ ಹೆಣ್ಣುಮಕ್ಕಳಿಗೇ ಪೆಟ್ಟು ಹೆಚ್ಚು. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಅನ್ನೋ ಮಾನದಂಡದಲ್ಲಿ ಹಂಪ್‌ಗೆ ಅಳತೆ ಕೊಟ್ಟಿದ್ದಾರೆ: ಗಾಡಿ ಹೋಗೋ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಸುಮಾರು 25 ಕಿ.ಮೀ. ವೇಗದಲ್ಲಿ ಹತ್ತಿ ಇಳಿದರೆ ಬೆನ್ನಿಗೆ ಏನೂ ಆಗಲ್ಲ, ಅದಕ್ಕಿಂತ ಜೋರಾಗಿ ಹೋದರೆ ಮಾತ್ರ ಎತ್ತಿ ಹಾಕುತ್ತೆ. ಮುಂಚೆಯೇ ಎಚ್ಚರಿಕೆ ಫಲಕ, ಮೇಲೆ ಬಿಳಿ ಪಟ್ಟೆ ಕಡ್ಡಾಯವಾಗಿ ಇರಬೇಕು. ಇದನ್ನು ಪಾಲಿಕೆಯಿಂದಲೇ ಮಾಡಿಸೋಣ.

ಹಂಪ್ ಒಂದರಿಂದಲೇ ಆಗಲ್ಲ, ರಸ್ತೆಗೆ ಮಿತಿ ಅಂತ ಒಂದು ಬೇಕು. 30 ಯಾಕೆ ಅಂದರೆ, 50ರಲ್ಲಿ ಬರೋ ಕಾರು ಸೆಕೆಂಡಿಗೆ ಹತ್ತಿರ ಹತ್ತಿರ 14 ಮೀಟರ್ ಓಡುತ್ತೆ. ಅಡ್ಡ ಬಂದವರನ್ನು ನೋಡಿ, ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡು ಬೇಕೇ ಬೇಕು. 30ರಲ್ಲಿ ಬರೋ ಕಾರು ಒಣ ರಸ್ತೆಯಲ್ಲಿ ಆ 14 ಮೀಟರಿನೊಳಗೆ ಪೂರ್ತಿ ನಿಂತೇಬಿಟ್ಟಿರುತ್ತೆ. 50ರ ಕಾರು ಅದೇ ಜಾಗದಲ್ಲಿ ಇನ್ನೂ ಬ್ರೇಕ್ ಹಿಡಿದೇ ಇರಲ್ಲ. ಹೊಂಗೆ ಮರದ ಹತ್ತಿರ ನಮಗೆ ಸಿಗೋ ನೋಟವೇ ಅಷ್ಟು ದೂರದ್ದು.

ಗೃಹಿಣಿ, 2ನೇ ಅಡ್ಡರಸ್ತೆ
ಸರ್, ನಮ್ಮ ಹುಡುಗರು ‘ವೇಗಮಿತಿ 30’ ಅಂತ ಫ್ಲೆಕ್ಸ್ ಮಾಡಿಸಿ ಎರಡೂ ಕಡೆ ಕಟ್ಟೋಣ ಅಂತಿದ್ದಾರೆ. ಆಗುತ್ತಾ?

ವಕೀಲೆ, 5ನೇ ಅಡ್ಡರಸ್ತೆ
ಅಕ್ಕ, ‘ಮಕ್ಕಳಿದ್ದಾರೆ, ನಿಧಾನ’ ಅಂತ ಅವರವರ ಗೇಟಿಗೆ ಬರೆದುಕೊಳ್ಳಬಹುದು. ಆದರೆ ನಾವು ಕಟ್ಟಿದ ಫಲಕ ತೋರಿಸಿ ಪೊಲೀಸರು ಯಾರಿಗೂ ದಂಡ ಹಾಕೋಕೆ ಆಗಲ್ಲ.

2018ರ ಏಪ್ರಿಲ್‌ನ ಕೇಂದ್ರ ಸರ್ಕಾರದ ಅಧಿಸೂಚನೆಯಲ್ಲಿ ನಗರ ವ್ಯಾಪ್ತಿಯ ರಸ್ತೆಗಳಿಗೆ ಗರಿಷ್ಠ ಮಿತಿ ಕಾರಿಗೆ 70, ಬೈಕಿಗೆ 60, ಆಟೋಗೆ 50. ಅಡ್ಡಾದಿಡ್ಡಿ ಓಡಿಸಿದರೆ ಬೇರೆ ಕಲಂ ಇದೆ. ಬರೀ ವೇಗದ ಮಾತು ಅಂತ ಬಂದರೆ, ಕಡಿಮೆ ಮಿತಿಯನ್ನು ಯಾರೂ ಗೊತ್ತು ಮಾಡದ ರಸ್ತೆಯಲ್ಲಿ ‘ನಾನು ಮಿತಿಯೊಳಗೇ ಇದ್ದೆ’ ಅಂತ ಜೋರಾಗಿ ಓಡಿಸಿದವನು ವಾದ ಹೂಡಬಹುದು. ಇಷ್ಟು ಮನೆ, ಇಷ್ಟು ಮಕ್ಕಳಿರೋ ರಸ್ತೆಗೆ ಈ ಸ್ಥಿತಿ ಇರಲೇಬಾರದು ಅಂತಲೇ ನಾನು ಇಷ್ಟು ಒತ್ತಿ ಹೇಳ್ತಿರೋದು.

ಇದಕ್ಕೆ ದಾರಿ ಇರೋದು ಮೋಟಾರು ವಾಹನ ಕಾಯ್ದೆ 1988ರ 112ನೇ ಕಲಂನ 2ನೇ ಉಪಕಲಂನಲ್ಲಿ. ಸಾರ್ವಜನಿಕ ಸುರಕ್ಷತೆಗೆ ಬೇಕು ಅನ್ನಿಸಿದರೆ ರಾಜ್ಯ ಸರ್ಕಾರ, ಇಲ್ಲವೇ ಅದು ಅಧಿಕಾರ ಕೊಟ್ಟ ಪ್ರಾಧಿಕಾರ ಒಂದು ರಸ್ತೆಗೆ ಬೇರೆ ಮಿತಿ ನಿಗದಿ ಮಾಡಬಹುದು. ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, 116ನೇ ಕಲಂ ಪ್ರಕಾರ ಫಲಕ ಹಾಕಬೇಕು. ಎರಡೂ ಆದರೇನೇ ಮಿತಿಗೆ ಬಲ.

ಅದೇ ಕಲಂನಲ್ಲಿ ನಮಗೆ ಅನುಕೂಲವಾದ ಇನ್ನೊಂದು ಅಂಶ ಇದೆ. ನಿರ್ಬಂಧ ಒಂದು ತಿಂಗಳು ಮೀರದಿದ್ದರೆ ರಾಜ್ಯಪತ್ರದ ಪ್ರಕಟಣೆ ಬೇಕಿಲ್ಲ. ಹಾಗಾಗಿ ಮೊದಲು ಒಂದು ತಿಂಗಳ ಪ್ರಾಯೋಗಿಕ ಮಿತಿ ಕೇಳೋಣ, ಜೊತೆಗೇ ಕಾಯಂ ಅಧಿಸೂಚನೆಯನ್ನೂ ಕೇಳೋಣ. ಒಂದೇ ಅರ್ಜಿ, ಎರಡು ಕೋರಿಕೆ. ನಗರ ಪೊಲೀಸ್ ಆಯುಕ್ತರಿಗೆ ಕೊಟ್ಟು, ಪ್ರತಿಯನ್ನು ಸಂಚಾರ ಠಾಣೆಗೂ ಪಾಲಿಕೆ ವಲಯ ಕಚೇರಿಗೂ ಕೊಡೋಣ. ಮೂರೂ ಕಡೆ ಸೀಲು ಹಾಕಿಸಿ ಸ್ವೀಕೃತಿ ತಗೊಳ್ಳಿ, ಮರೀಬೇಡಿ.

ಕ್ಯಾಬ್ ಚಾಲಕ, 1ನೇ ಅಡ್ಡರಸ್ತೆ
ಮೇಡಂ, ಬೇಜಾರು ಮಾಡ್ಕೋಬೇಡಿ, ನನ್ನದೊಂದು ಮಾತು. 30 ಅಂತ ಬರೆದ ಮೇಲೆ ದಂಡ ಬೀಳೋದು ದಿನಾ ಓಡಾಡೋ ನಮ್ಮಂಥವರಿಗೇ. ಒಂದು ಸಲ ಬಿದ್ದರೆ ಅವತ್ತಿನ ದುಡಿಮೆ ಹೋಯ್ತು. ರಿಂಗ್ ರಸ್ತೆಯಿಂದ ಬಂದು ಹೋಗೋನು ಆರಾಮಾಗಿ ತಪ್ಪಿಸಿಕೊಳ್ತಾನೆ. ಆಂಬುಲೆನ್ಸ್ ಬಂದರೆ ಹಂಪ್ ಮೇಲೆ ಏನು ಗತಿ?

ನಿವೃತ್ತ ಎಂಜಿನಿಯರ್, 3ನೇ ಅಡ್ಡರಸ್ತೆ
ನೀವು ಕೇಳಿದ್ದು ಸರಿಯಾಗಿದೆ. ನಮ್ಮ ರಸ್ತೆ ಈ ತುದಿಯಿಂದ ಆ ತುದಿಗೆ 900 ಮೀಟರ್. 50ರಲ್ಲಿ ಹೋದರೆ 65 ಸೆಕೆಂಡು, 30ರಲ್ಲಿ ಹೋದರೆ 108. ವ್ಯತ್ಯಾಸ 43 ಸೆಕೆಂಡು, ಮುಕ್ಕಾಲು ನಿಮಿಷವೂ ಇಲ್ಲ. ಆಂಬುಲೆನ್ಸ್ ವಿಷಯಕ್ಕೇ ಹಂಪ್ ಸಾಲು ಸಾಲಾಗಿ ಬೇಡ ಅನ್ನೋದು ನಾನು. ಎರಡು ಸಾಕು: ಅಂಗನವಾಡಿ ಮುಂದೆ ಒಂದು, 7ನೇ ಅಡ್ಡರಸ್ತೆ ಸೇರೋ ಕಡೆ ಒಂದು. ಮಿಕ್ಕ ಕಡೆ ಜೀಬ್ರಾ ಪಟ್ಟೆ, ಮೂಲೆಯಲ್ಲಿ ಪಾರ್ಕಿಂಗ್ ನಿಷೇಧ. ನೋಟ ತೆರವಾದರೆ ಅರ್ಧ ಕೆಲಸ ಆದ ಹಾಗೆ.

ಕ್ಯಾಬ್ ಚಾಲಕ, 1ನೇ ಅಡ್ಡರಸ್ತೆ
ಹಾಗಾದರೆ ಸರಿ ಸರ್. ಫಲಕ ಮಾತ್ರ ರಸ್ತೆಗೆ ತಿರುಗೋ ಜಾಗದಲ್ಲೇ, ಕೊಂಬೆ ಅಡ್ಡ ಬರದ ಹಾಗೆ ಹಾಕಿಸಿ. ಮರದ ಹಿಂದೆ ಫಲಕ ಬಚ್ಚಿಟ್ಟು ಮುಂದೆ ದಂಡ ಹಾಕಿದರೆ ಯಾರೂ ಒಪ್ಪಲ್ಲ. ಸ್ಟ್ಯಾಂಡಿನಲ್ಲಿ ಹುಡುಗರ ಹತ್ತಿರ ನಾನು ಮಾತಾಡ್ತೀನಿ.

ನಿವೃತ್ತ ಶಿಕ್ಷಕಿ, 4ನೇ ಅಡ್ಡರಸ್ತೆ
ನಮ್ಮ ಮಗಳು ಕಾರ್ಡಿಫ್‌ನಲ್ಲಿದ್ದಾಳೆ. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಿಂದ ಜನವಸತಿ ರಸ್ತೆಗಳಲ್ಲಿ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ.ಯೇ ಸಾಮಾನ್ಯ ಮಿತಿ ಅಂತ ಮಾಡಿದರು. ಇಡೀ ದೇಶಕ್ಕೆ ಒಂದೇ ದಿನ ಜಾರಿಯಾಯಿತು. ವಿರೋಧದ ಮನವಿಗೆ 4 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತಂತೆ. ಆಮೇಲೆ ಯಾವ ಯಾವ ರಸ್ತೆಗೆ 30 ಮೈಲಿ ವಾಪಸ್ ಕೊಡಬೇಕು ಅಂತ ಸ್ಥಳೀಯ ಆಡಳಿತಗಳು ಮತ್ತೆ ಕೂತು ನೋಡಬೇಕಾಯಿತು. ಆಸ್ಟ್ರಿಯಾದ ಗ್ರಾಟ್ಸ್ ಊರಲ್ಲಿ 1992ರಿಂದಲೂ ದೊಡ್ಡ ರಸ್ತೆ ಬಿಟ್ಟು ಮಿಕ್ಕೆಲ್ಲ ಕಡೆ 30 ಇದೆ, ಜನಕ್ಕೆ ಅಭ್ಯಾಸವಾಗಿ ಹೋಗಿದೆ. ಅದಕ್ಕೇ ನಾನು ಹೇಳೋದು, ಸಹಿ ಕೇಳೋಕೆ ಹೋದಾಗ ಬರೀ ಹಾಳೆ ಚಾಚಬೇಡಿ. ಪ್ರತಿ ಮನೆಯಲ್ಲೂ ಐದು ನಿಮಿಷ ಕೂತು ಆ 14 ಮೀಟರಿನ ಲೆಕ್ಕ ಹೇಳಿ. ಹೆಣ್ಣುಮಕ್ಕಳಿರೋ ಮನೆಗಳಿಗೆ ನಾನು ಬರ್ತೀನಿ.

ಮೂಲೆ ಮನೆ, 7ನೇ ಅಡ್ಡರಸ್ತೆ
ಸರಿ, ಸಿಮೆಂಟು ಬೇಡ. ಆದರೆ ಬರೀ ಬಾಯಿಮಾತಿಗೆ ಅಧಿಕಾರಿಗಳು ಕಿವಿ ಕೊಡ್ತಾರಾ? ಗಾಡಿಗಳು ಇಷ್ಟು ಜೋರಾಗಿ ಹೋಗ್ತವೆ ಅಂತ ತೋರಿಸೋದು ಹೇಗೆ?

ನಿವೃತ್ತ ಎಂಜಿನಿಯರ್, 3ನೇ ಅಡ್ಡರಸ್ತೆ
ಅಳೆದು ತೋರಿಸೋಣ. ಟೇಪ್ ಹಿಡಿದು 50 ಮೀಟರ್ ದೂರಕ್ಕೆ ಎರಡು ಸುಣ್ಣದ ಗೆರೆ ಎಳೀರಿ. ಮುಂದಿನ ಚಕ್ರ ಮೊದಲ ಗೆರೆ ಮುಟ್ಟಿದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಎರಡನೇದು ದಾಟಿದಾಗ ನಿಲ್ಲಿಸಿ. 180ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಸಿಗುತ್ತೆ. 6 ಸೆಕೆಂಡು ಅಂದರೆ 30, 4.5 ಅಂದರೆ 40, 3 ಸೆಕೆಂಡಿಗೆ ದಾಟಿದರೆ 60. ಫುಟ್‌ಪಾತಿನ ಮೇಲೇ ನಿಂತು ಮಾಡಿ, ರಸ್ತೆಗೆ ಇಳೀಬೇಡಿ. ಜೋರಾಗಿ ಬಂದದ್ದನ್ನೇ ಆರಿಸಿ ಬರೆಯಬಾರದು, ಸಾಲಾಗಿ ಬಂದದ್ದನ್ನೆಲ್ಲ ಬರೀಬೇಕು. ಶಾಲೆ ಬಿಡೋ ಹೊತ್ತು, ರಾತ್ರಿ ಊಟದ ಹೊತ್ತು, ಭಾನುವಾರ ಬೆಳಗ್ಗೆ, ಎಲ್ಲವೂ ಇರಲಿ.

ನೂರು ಗಾಡಿ ನಿಧಾನದಿಂದ ಜೋರಿಗೆ ಜೋಡಿಸಿದರೆ 85ನೇ ಗಾಡಿಯ ವೇಗ ಎಷ್ಟೋ ಅದನ್ನೇ ಸಂಚಾರ ಎಂಜಿನಿಯರುಗಳು ಮೊದಲು ಕೇಳೋದು. ಮಿತಿಯನ್ನೂ ಅದರ ಆಸುಪಾಸಿನಲ್ಲೇ ಇಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಹೆದ್ದಾರಿಗೆ ಆ ಲೆಕ್ಕ ನಡೆಯುತ್ತೆ. ಮನೆ ಮುಂದಿನ ರಸ್ತೆಯಲ್ಲಿ ಮನುಷ್ಯನ ಮೈ ಎಷ್ಟು ಪೆಟ್ಟು ತಡೆಯುತ್ತೆ ಅನ್ನೋದೇ ಲೆಕ್ಕ. ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆಯಲ್ಲೂ ನಡೆಯುವವರು, ಸೈಕಲ್ಲಿನವರು ವಾಹನಗಳ ಜೊತೆ ಬೆರೆಯೋ ಕಡೆ 30 ಅಂತಲೇ ಇದೆ.

ಕಾರ್ಯದರ್ಶಿ, ನಿವಾಸಿಗಳ ಸಂಘ
ಎಲ್ಲರಿಗೂ ಧನ್ಯವಾದ. ಒಂದು ಮಾತು ಖಾರವಾದರೂ ಹೇಳಲೇಬೇಕು. ಸಂಜೆ ಹೊತ್ತು ಜೋರಾಗಿ ಓಡೋ ಸ್ಕೂಟರುಗಳಲ್ಲಿ ನಮ್ಮ ಬಡಾವಣೆ ಮಕ್ಕಳವೂ ಇವೆ, ಕೆಲವರಿಗೆ ಲೈಸೆನ್ಸ್ ವಯಸ್ಸೂ ಆಗಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ 199ಎ ಕಲಂ ಪ್ರಕಾರ ಅಪ್ರಾಪ್ತರು ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಬೇರೆಯವರಿಗೆ 30 ಕೇಳೋ ಮುಂಚೆ ನಮ್ಮ ಮನೆ ಕೀಲಿ ನಾವು ಎತ್ತಿಟ್ಟುಕೊಳ್ಳೋಣ.

ಕೆಲಸ ಹೀಗೆ. ಅರ್ಜಿಯ ಕರಡು ವಕೀಲ ಮೇಡಂ ಶುಕ್ರವಾರದೊಳಗೆ ಇಲ್ಲಿ ಹಾಕ್ತಾರೆ. ವೇಗ ಅಳೆಯೋಕೆ ಎಂಜಿನಿಯರ್ ಸರ್ ಜೊತೆ ಮೂರು ಜನ ಬೇಕು, ಹೆಸರು ಕೊಡಿ. ಮೂಲೆಯಿಂದ ಎರಡೂ ದಿಕ್ಕಿಗೆ ಎಷ್ಟು ಕಾಣುತ್ತೆ ಅಂತ ಫೋಟೋ ತೆಗೆಯೋದು 7ನೇ ಅಡ್ಡರಸ್ತೆಯವರು.

ಗೃಹಿಣಿ, 2ನೇ ಅಡ್ಡರಸ್ತೆ
ಅಳೆಯೋಕೆ ನಾನೂ ನನ್ನ ಮಗನೂ ಬರ್ತೀವಿ. ಸರ್, ಅಜ್ಜಿಯ ಸಹಿಯೂ ಅರ್ಜಿಯಲ್ಲಿ ಇರಬೇಕು. ಇಲ್ಲಿ ಮನೆ ಇಲ್ಲದಿದ್ದರೇನು, ಈ ರಸ್ತೆಯಲ್ಲಿ ನಮಗಿಂತ ಹೆಚ್ಚು ಹೊತ್ತು ಇರೋದು ಅವರೇ.

ವಕೀಲೆ, 5ನೇ ಅಡ್ಡರಸ್ತೆ
ಖಂಡಿತ ಇರಲಿ. ಬಲಗೈಗೆ ಪ್ಲಾಸ್ಟರ್ ಇದ್ದರೆ ಎಡಗೈ ಹೆಬ್ಬೆಟ್ಟು ಸಾಕು, ಪಕ್ಕದಲ್ಲಿ ಇಬ್ಬರು ಸಾಕ್ಷಿ ಹಾಕಿ. ಅಂಗನವಾಡಿ ಕಾರ್ಯಕರ್ತೆ, ಆಟೋ ಸ್ಟ್ಯಾಂಡಿನವರು, ಪೇಪರ್ ಹಾಕೋ ಹುಡುಗರು ಇವರಿಗೂ ಬೇರೆ ಹಾಳೆ ಇಡ್ತೀನಿ.